ಸಂಜೆ ಆರೂವರೆಗೆ ಕಾಲ್ ಇರುವವರು ವ್ಯಾಯಾಮ ಯಾವಾಗ ಮಾಡ್ತೀರಿ?

ಬೆಳ್ಳಂದೂರು ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ವಯಸ್ಸು 38, ಸಾಫ್ಟ್‌ವೇರ್ ಕೆಲಸ. ಒಂಬತ್ತಕ್ಕೆ ಮನೆ ಬಿಟ್ಟರೆ ಔಟರ್ ರಿಂಗ್ ರೋಡಿನ ದಯೆಯಿಂದ ಹತ್ತಕ್ಕೆ ಆಫೀಸು. ಸಂಜೆ ಆರೂವರೆಗೆ ನ್ಯೂಯಾರ್ಕ್ ತಂಡದ ಜೊತೆ ಕಾಲ್. ಅದು ಎಂಟಕ್ಕೆ ಮುಗಿದರೆ ಪುಣ್ಯ. ಆಮೇಲೆ ಊಟ, ಮಗಳ ಹೋಂವರ್ಕ್, ನಿದ್ದೆ.

ಏನು ಮಾಡಬೇಕು ಅಂತ ಗೊತ್ತಿದೆ. ಯೂಟ್ಯೂಬ್ ನೋಡಿ ನೋಡಿ ಪ್ಲ್ಯಾಂಕ್ ಬಗ್ಗೆ ಒಂದು ಗಂಟೆ ಭಾಷಣ ಮಾಡಬಲ್ಲೆ. ಶುರು ಮಾಡೋದೂ ಕಷ್ಟ ಅಲ್ಲ. ಯುಗಾದಿಗೊಮ್ಮೆ, ಜನವರಿಗೊಮ್ಮೆ ಶುರು ಮಾಡ್ತಾನೇ ಇರ್ತೀನಿ. ಮೂರನೇ ವಾರ ಒಂದು ರಿಲೀಸ್ (ಸಾಫ್ಟ್‌ವೇರ್ ಬಿಡುಗಡೆಯ ಗಡುವು) ಬರುತ್ತೆ, ಇಲ್ಲ ಮಗಳಿಗೆ ಜ್ವರ ಬರುತ್ತೆ. ಅಲ್ಲಿಗೆ ಮುಗೀತು. ಹತ್ತಿರದ ಜಿಮ್ಮಿಗೆ ವರ್ಷದ ಫೀಸ್ ಕಟ್ಟಿದ್ದೆ. ಕಟ್ಟುವ ತನಕ ದಿನಾ ಫೋನ್ ಮಾಡುತ್ತಿದ್ದರು. ಕಟ್ಟಿದ ಮೇಲೆ ಇವನು ಬದುಕಿದ್ದಾನಾ ಅಂತಲೂ ಯಾರೂ ಕೇಳಲಿಲ್ಲ.

ಕೆಲಸ, ಸಂಸಾರ ಎರಡೂ ಇರುವವರು ಈ ಮೂರನೇ ವಾರ ದಾಟಿದ್ದು ಹೇಗೆ? ದಯವಿಟ್ಟು “ನಾಲ್ಕು ಗಂಟೆಗೆ ಏಳಿ” ಅನ್ನಬೇಡಿ.

ಹುಬ್ಬಳ್ಳಿ ಬ್ಯಾಂಕಿನವ

ನಾಲ್ಕು ಬೇಡ ಬಿಡ್ರಿ, ಐದೂವರೆಗೆ ಏಳಿ.

ನಾನು ಬ್ಯಾಂಕ್ ಶಾಖೆ ನೋಡಿಕೊಳ್ಳುವವನು. ಕ್ಯಾಶ್ ಟ್ಯಾಲಿ ಆಗದೆ ಎದ್ದು ಬರುವ ಹಾಗಿಲ್ಲ. ಸಂಜೆ ಅನ್ನೋದು ನಮ್ಮದಲ್ಲ ಅಂತ ಆಸೆ ಬಿಟ್ಟಾಗಿದೆ. ಬೆಳಿಗ್ಗೆ ಆರಕ್ಕೆ ನೃಪತುಂಗ ಬೆಟ್ಟ. ನಾಲ್ಕು ಜನ ಇದ್ದೇವೆ. ಒಬ್ಬರು ಲೆಕ್ಚರರ್, ಒಬ್ಬರದು ಮೆಡಿಕಲ್ ಶಾಪ್, ಇನ್ನೊಬ್ಬರು ರೈಲ್ವೆ. ಆರೂ ಹತ್ತಾದರೂ ಮುಖ ಕಾಣಲಿಲ್ಲ ಅಂದರೆ ಫೋನ್ ಬರುತ್ತೆ. ಎತ್ತದಿದ್ದರೆ ಮನೆಯವರ ನಂಬರಿಗೆ ಬರುತ್ತೆ. ಆಮೇಲೆ ಮನೆಯಲ್ಲಿ ಅದರ ಮೇಲೆ ವಿಚಾರಣೆ. ಅದಕ್ಕಿಂತ ಎದ್ದು ಹೋಗೋದೇ ಸುಲಭ. ಇಳಿದ ಮೇಲೆ ಚಹಾ, ಊರ ಸುದ್ದಿ. ನಿಜ ಹೇಳಬೇಕಂದ್ರೆ ನಮ್ಮಲ್ಲಿ ಇಬ್ಬರು ಚಹಾಕ್ಕಾಗಿಯೇ ಬೆಟ್ಟ ಹತ್ತುವವರು.

ಮಾರ್ಚ್ ಬಂತೆಂದರೆ ಲೆಕ್ಕ ಬೇರೆ. ಇಯರ್ ಎಂಡಿಂಗ್. ರಾತ್ರಿ ಹತ್ತಕ್ಕೆ ಮನೆ ಸೇರುವವನಿಗೆ ಬೆಟ್ಟ ಎಲ್ಲಿಂದ ಬರಬೇಕು? ಆ ತಿಂಗಳು ಮನೆಯಲ್ಲೇ ಹತ್ತು ನಿಮಿಷ ಬಸ್ಕಿ, ದಂಡ, ಅಷ್ಟೇ. ಇದನ್ನ ಫೆಬ್ರವರಿಯಲ್ಲೇ ನಾಲ್ವರೂ ಮಾತಾಡಿಕೊಂಡಿರುತ್ತೇವೆ. ಹಾಗಾಗಿ ಏಪ್ರಿಲ್‌ನಲ್ಲಿ ವಾಪಸ್ ಹೋಗೋಕೆ ಮುಜುಗರ ಇಲ್ಲ. ನಿಮ್ಮ ರಿಲೀಸ್ ಯಾವ ತಿಂಗಳು ಅಂತ ನಿಮಗೆ ಮೊದಲೇ ಗೊತ್ತಿರುತ್ತೆ ಅಲ್ವಾ?

ಮೂರು ಡಬ್ಬಿ

ಬೆಳಿಗ್ಗೆ, ಬೆಳಿಗ್ಗೆ ಅನ್ನುವ ಗಂಡಸರಿಗೆಲ್ಲ ಒಂದು ಪ್ರಶ್ನೆ. ಆ ಹೊತ್ತಿಗೆ ನಿಮ್ಮ ಅಡುಗೆಮನೆಯಲ್ಲಿ ಯಾರಿದ್ದಾರೆ?

ನಾನೂ ಕೆಲಸಕ್ಕೆ ಹೋಗುವವಳು. ಇಬ್ಬರು ಮಕ್ಕಳ ಡಬ್ಬಿ, ನನ್ನದೊಂದು. ಸ್ಕೂಲ್ ಬಸ್ಸು ಏಳೂವರೆಗೆ. ಬೆಳಿಗ್ಗೆ ಐದೂವರೆಯಿಂದ ಏಳೂವರೆ ಅನ್ನೋದು ನಮ್ಮ ಮನೆಯ ಅತಿ ದುಬಾರಿ ಸಮಯ. ಅದರಲ್ಲಿ ಅರ್ಧ ಗಂಟೆ ನನಗೆ ಬೇಕು ಅಂದರೆ ಯಾರೋ ಒಬ್ಬರು ಅದನ್ನ ಕೊಡಬೇಕು. ಅಲಾರಾಂ ಕೊಡಲ್ಲ, ಆ್ಯಪ್ ಕೊಡಲ್ಲ.

2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಒಂದು ಲೆಕ್ಕ ಬಂದಿತ್ತು. ಭಾರತದಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು ಗಂಡಸರಲ್ಲಿ ಸುಮಾರು 42%, ಹೆಂಗಸರಲ್ಲಿ ಸುಮಾರು 57%. ಹೆಂಗಸರಿಗೆ ಸೋಮಾರಿತನ ಜಾಸ್ತಿ ಅಂತ ಯಾರಾದ್ರೂ ಹೇಳಿ ನೋಡೋಣ.

ನಮ್ಮಲ್ಲಿ ಆದ ಒಪ್ಪಂದ ಹೀಗಿದೆ. ಸೋಮ, ಬುಧ, ಶುಕ್ರ ಬೆಳಗಿನ ಅಡುಗೆಮನೆ ಗಂಡನದು. ಮೆನು ಫಿಕ್ಸ್: ಸೋಮವಾರ ಅವಲಕ್ಕಿ, ಬುಧವಾರ ಉಪ್ಪಿಟ್ಟು, ಶುಕ್ರವಾರ ಫ್ರಿಜ್ಜಿನ ಹಿಟ್ಟಿನಲ್ಲಿ ದೋಸೆ. ಮೊದಲ ವಾರ ನಾನು ಪಾರ್ಕಿನಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ ಫೋನು. “ಸಾಸಿವೆ ಎಲ್ಲಿದೆ?” ಎರಡನೇ ಸುತ್ತಿಗೆ “ಹಸಿಮೆಣಸಿನಕಾಯಿ ಎಷ್ಟು?” ಅದಕ್ಕೆ ಒಪ್ಪಂದದಲ್ಲಿ ಇನ್ನೊಂದು ಸಾಲು ಸೇರಿಸಿದೆ: ಫೋನ್ ಮನೆಯಲ್ಲೇ ಇಟ್ಟು ಹೋಗ್ತೀನಿ. ಉಪ್ಪು ಜಾಸ್ತಿಯಾದ ಉಪ್ಪಿಟ್ಟು ತಿಂದು ಮಕ್ಕಳೇನೂ ಸೊರಗಲಿಲ್ಲ.

ಅತ್ತೆಗೆ ಮೊದಮೊದಲು ಇದು ಹಿಡಿಸಲಿಲ್ಲ. ಈಗ ಶುಕ್ರವಾರ ನನ್ನ ಜೊತೆ ಅವರೂ ಬರ್ತಾರೆ. ಮಗನ ದೋಸೆ ತಿನ್ನೋದು ತಪ್ಪುತ್ತೆ ಅನ್ನೋದು ಅವರ ಕಾರಣ.

ಬಾಡಿಗೆದಾರರೇ, ನಿಮ್ಮ ಮನೆಯಲ್ಲಿ ಈ ಮಾತು ಆಗಿದೆಯಾ? ಇಲ್ಲ ನೀವೊಬ್ಬರೇ ಮನಸ್ಸಿನಲ್ಲಿ ಸಂಕಲ್ಪ ಮಾಡ್ಕೊಂಡು ಕೂತಿದ್ದೀರಾ?

ಬೆಳ್ಳಂದೂರು ಬಾಡಿಗೆದಾರ

ಸಂಕಲ್ಪವೇ. ಹೆಂಡತಿಗೆ ಈ ಕಾಮೆಂಟ್ ತೋರಿಸಿದೆ. “ನಿನಗೆ ಜಿಮ್ ಟೈಮ್ ಹುಡುಕುವ ಮೊದಲು ನನಗೆ ವಾಕಿಂಗ್ ಟೈಮ್ ಹುಡುಕಿಕೊಡು” ಅಂದಳು. ಚರ್ಚೆ ನಡೀತಿದೆ.

ಸುಮ್ನೆ ಓದುಗ

ಸಂಜೆ ಸಮಯವನ್ನ ಇಷ್ಟು ಬೇಗ ಬಿಟ್ಟುಕೊಡಬೇಡಿ. ಆ ಆರೂವರೆ ಕಾಲ್ ಅಂದರೆ ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತು. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಿಡ್ತಾರೆ. ನಮಗೆ ಅದು ಏಳೂವರೆ ಆಗುತ್ತೆ. ಮಾರ್ಚ್ ಎರಡನೇ ಭಾನುವಾರ ಮತ್ತೆ ಆರೂವರೆಗೆ ಬರುತ್ತೆ. ಬೆಂಗಳೂರಿನ ಅರ್ಧ ಜನರ ಸಂಜೆ ವ್ಯಾಯಾಮ ಕೆಟ್ಟುಹೋಗೋದು ಈ ಎರಡು ವಾರಗಳಲ್ಲೇ ಅಂತ ನನ್ನ ಅನುಮಾನ. ಇವತ್ತಿನವರೆಗೆ ಖಾಲಿ ಇದ್ದ ಹೊತ್ತಿನಲ್ಲಿ ನಾಳೆ ಮೀಟಿಂಗ್ ಬಂದು ಕೂತಿರುತ್ತೆ. ನಾವು ನಮ್ಮ ಮನೋಬಲಕ್ಕೆ ಬೈತೀವಿ.

ನಾನೊಂದು ಚಿಕ್ಕ ತಂಡ ನೋಡಿಕೊಳ್ತೀನಿ. ನನ್ನ ಹುಡುಗರು ಕ್ಯಾಲೆಂಡರಿನಲ್ಲಿ ಐದೂವರೆಯಿಂದ ಆರೂ ಕಾಲು “ಬಿಡುವಿಲ್ಲ” ಅಂತ ಹಾಕಿಕೊಂಡರೆ ನನಗೇನೂ ತೊಂದರೆ ಇಲ್ಲ. ತೊಂದರೆ ಆಗೋದು ಹಾಕದೇ ಇದ್ದಾಗ. ಖಾಲಿ ಕಂಡ ಜಾಗಕ್ಕೆ ಮೀಟಿಂಗ್ ಹಾಕೋದು ಮ್ಯಾನೇಜರ್ ಜಾತಿಯ ಸ್ವಭಾವ. ಬಾಯಿಬಿಟ್ಟು ಒಂದು ಸಲ ಹೇಳಿ. “ಸರ್, ವಾರಕ್ಕೆ ಮೂರು ದಿನ ಈ ಹೊತ್ತು ಸಿಗಲ್ಲ, ಬೆಂಕಿ ಬಿದ್ದರೆ ಮಾತ್ರ ಫೋನ್ ಮಾಡಿ.” ಬೆಂಕಿ ಅಷ್ಟೊಂದು ಸಲ ಬೀಳಲ್ಲ.

ನೇರಳೆ ಮಾರ್ಗ

ನನ್ನದು ಬೇರೆ ದಾರಿ. ಮೆಜೆಸ್ಟಿಕ್ ಕಡೆಯಿಂದ ವೈಟ್‌ಫೀಲ್ಡಿಗೆ ಓಡಾಟ. 2023ರ ಅಕ್ಟೋಬರಿನಲ್ಲಿ ಮೆಟ್ರೋದ ನೇರಳೆ ಮಾರ್ಗ ಪೂರ್ತಿ ಓಡೋಕೆ ಶುರುವಾದ ಮೇಲೆ ಬೈಕ್ ಬಿಟ್ಟೆ. ಪಟ್ಟಂದೂರು ಅಗ್ರಹಾರದಲ್ಲಿ ಇಳಿದರೆ ಆಫೀಸ್ ಹತ್ತಿರ. ನಾನು ಒಂದು ನಿಲ್ದಾಣ ಮೊದಲೇ, ಸತ್ಯಸಾಯಿ ಆಸ್ಪತ್ರೆ ಹತ್ತಿರ ಇಳಿದು ನಡೀತೀನಿ. ಎಸ್ಕಲೇಟರ್ ಹತ್ತಲ್ಲ. ಫುಟ್‌ಪಾತ್ ಬಗ್ಗೆ ಹೇಳೋಕೆ ಹೋದರೆ ಬೇರೆ ಚರ್ಚೆ ತೆಗೀಬೇಕು. ಆದರೂ ವಾರದ ಐದೂ ದಿನ ನಡಿಗೆ ಆಗುತ್ತೆ, ಯಾಕಂದ್ರೆ ಆಫೀಸಿಗೆ ಹೇಗೂ ಹೋಗಲೇಬೇಕು. ರಿಲೀಸ್ ಇರಲಿ, ಏನೇ ಇರಲಿ.

ಅನುಮಾನಪ್ಪ

ಮೇಲಿನವರು ಹೇಳಿದ್ದರಲ್ಲಿ ತೂಕ ಇದೆ. 1953ರಲ್ಲಿ ಜೆರ್ರಿ ಮಾರಿಸ್ ಅನ್ನೋ ಲಂಡನ್ ವೈದ್ಯರು ಡಬಲ್ ಡೆಕ್ಕರ್ ಬಸ್ಸಿನ ನೌಕರರ ಲೆಕ್ಕ ಪ್ರಕಟಿಸಿದ್ದರು. ದಿನವೆಲ್ಲ ಕೂತು ಬಸ್ ಓಡಿಸುವ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ. ಕಂಡಕ್ಟರ್‌ಗಳು ಯಾರೂ ಜಿಮ್ಮಿಗೆ ಹೋದವರಲ್ಲ, ಟಿಕೆಟ್ ಹರಿದವರು. ಆದರೆ ಇದರಲ್ಲೊಂದು ಸ್ವಾರಸ್ಯ ಇದೆ. ಮಾರಿಸ್ ಆಮೇಲೆ ಇಬ್ಬರ ಸಮವಸ್ತ್ರದ ಅಳತೆ ತೆಗೆಸಿ ನೋಡಿದರು. ಡ್ರೈವರ್‌ಗಳ ಪ್ಯಾಂಟಿನ ಸೊಂಟವೇ ದೊಡ್ಡದು. ಅಂದರೆ ವ್ಯತ್ಯಾಸಕ್ಕೆ ಕೆಲಸ ಒಂದೇ ಕಾರಣ ಅನ್ನೋ ಹಾಗಿಲ್ಲ. ತಾನೇ ಮಂಡಿಸಿದ ವಾದವನ್ನ ತಾನೇ ಕೆದಕಿ ನೋಡುವ ಇಂಥವರನ್ನ ನನಗೆ ಕಂಡರೆ ಇಷ್ಟ.

ಇನ್ನು ಆ “21 ದಿನ ಮಾಡಿ, ಅಭ್ಯಾಸ ಆಗಿಬಿಡುತ್ತೆ” ಅನ್ನೋ ಮಾತು. ಅದನ್ನ ಮರೆತುಬಿಡಿ. ಲಂಡನ್ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ತಂಡ 96 ಜನರ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಅಚ್ಚಾಯಿತು. ಒಂದು ಕೆಲಸ ತಾನಾಗಿಯೇ ಆಗುವ ಮಟ್ಟಕ್ಕೆ ಬರೋಕೆ ಹಿಡಿದದ್ದು ನಡುಮಟ್ಟಕ್ಕೆ 66 ದಿನ. ಆದರೆ ಜನರಿಂದ ಜನರಿಗೆ 18ರಿಂದ 254 ದಿನಗಳ ತನಕ ವ್ಯತ್ಯಾಸ. ನೀರು ಕುಡಿಯುವಂಥ ಸಣ್ಣ ಕೆಲಸಕ್ಕಿಂತ ವ್ಯಾಯಾಮಕ್ಕೆ ಜಾಸ್ತಿ ದಿನ ಬೇಕಾಯಿತು. ಬಾಡಿಗೆದಾರರು ಮೂರನೇ ವಾರಕ್ಕೆ ಬಿಡ್ತಾರಲ್ಲ, ಆಗ ಅವರು ಅರ್ಧ ದಾರಿಯೂ ಬಂದಿರಲ್ಲ. ಅಷ್ಟರಲ್ಲೇ “ಇನ್ನೂ ಅಭ್ಯಾಸ ಆಗಿಲ್ಲವಲ್ಲ” ಅಂತ ಬೇಜಾರು ಮಾಡ್ಕೊಳ್ತಾರೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗಲ್ಲ. ಆದರೆ ಫೋನಿನ ಆ್ಯಪ್‌ಗಳಿಗೆ ಇದು ಗೊತ್ತಿಲ್ಲ. ಒಂದು ದಿನ ತಪ್ಪಿದ ಕೂಡಲೇ ಲೆಕ್ಕವನ್ನ ಸೊನ್ನೆಗೆ ಇಳಿಸಿ ಮುಖ ಬಾಡಿಸಿಕೊಳ್ತವೆ. ನಾನಾದರೆ ಅವನ್ನ ಮೊದಲು ಅನ್‌ಇನ್‌ಸ್ಟಾಲ್ ಮಾಡ್ತೀನಿ.

ಹತ್ತು ಸಾವಿರ ಹೆಜ್ಜೆ ಕೂಡ ವೈದ್ಯರು ಕೊಟ್ಟ ಅಂಕಿ ಅಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಆ ಹೆಸರಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಿತ್ತು. ಅಲ್ಲಿಂದ ಬಂದದ್ದು.

ಮೈಸೂರು ಫಿಸಿಯೋ

ಕ್ಲಿನಿಕ್ ಮುಗಿಸಿ ಈಗ ಓದಿದೆ. ಬಾಡಿಗೆದಾರರೇ, ನಿಮಗೆ ಯಾಕೆ ಬೇಕು ವ್ಯಾಯಾಮ? ತೂಕಕ್ಕಾ, ಬೆನ್ನುನೋವಿಗಾ, ಸುಮ್ನೆ ಆಸೆಗಾ? ಅದರ ಮೇಲೆ ಉತ್ತರ ಬದಲಾಗುತ್ತೆ.

ಬೆಳ್ಳಂದೂರು ಬಾಡಿಗೆದಾರ

ಆಫೀಸ್ ಹೆಲ್ತ್ ಚೆಕಪ್ಪಿನಲ್ಲಿ ಎಚ್‌ಬಿಎ1ಸಿ (ರಕ್ತದ ಶುಗರ್ ಪರೀಕ್ಷೆ) 6.0 ಬಂತು. ಅಪ್ಪನಿಗೆ ಶುಗರ್ ಇದೆ. ನೋಡೋಕೆ ದಪ್ಪ ಇಲ್ಲ, ಹೊಟ್ಟೆ ಮಾತ್ರ ಇದೆ. ಡಾಕ್ಟರ್ ಮಾತ್ರೆ ಕೊಡಲಿಲ್ಲ. ನಡೀರಿ, ಸ್ವಲ್ಪ ತೂಕ ಎತ್ತಿ, ಅನ್ನ ಕಡಿಮೆ ಮಾಡಿ ಅಂದರು.

ಮೈಸೂರು ಫಿಸಿಯೋ

5.7ರಿಂದ 6.4 ಅಂದರೆ ಶುಗರಿನ ಹೊಸ್ತಿಲು. ನಿಮ್ಮಂಥವರು ದಿನಾ ಬರ್ತಾರೆ. ಸಣ್ಣ ಕೈಕಾಲು, ಮುಂದೆ ಬಂದ ಹೊಟ್ಟೆ. ನಮ್ಮ ಜನರ ಮೈಕಟ್ಟೇ ಹೆಚ್ಚಾಗಿ ಹಾಗೆ: ಸ್ನಾಯು ಕಡಿಮೆ, ಕೊಬ್ಬು ಹೊಟ್ಟೆಯ ಸುತ್ತ. ಊಟದಿಂದ ಬಂದ ಸಕ್ಕರೆಯನ್ನ ಜಾಸ್ತಿ ಎಳೆದುಕೊಳ್ಳೋದು ಸ್ನಾಯು. ಅದಕ್ಕೇ ಬರೀ ವಾಕಿಂಗ್ ಸಾಲದು, ಕಾಲು ತೊಡೆಗೆ ಕೆಲಸ ಕೊಡಿ ಅನ್ನೋದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ವ್ಯಾಯಾಮ. ಮಧ್ಯಮ ಅಂದರೆ ಮಾತಾಡಬಹುದು, ಹಾಡೋಕಾಗಬಾರದು. ಮೊದಲು ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕು ಅಂತಿತ್ತು. 2020ರಲ್ಲಿ ಆ ಷರತ್ತು ತೆಗೆದರು. ಐದು ನಿಮಿಷದ ತುಂಡುಗಳೂ ಲೆಕ್ಕಕ್ಕೆ ಬರ್ತವೆ. ಮೂರು ಡಬ್ಬಿಯವರೇ, ಬಗ್ಗಿ ನೆಲ ಒರೆಸೋದು ಲೆಕ್ಕಕ್ಕಿದೆ, ಒಲೆ ಮುಂದೆ ನಿಂತಿರೋದು ಇಲ್ಲ.

ನಿಮ್ಮ ದಿನಚರಿಗೆ ನಾನು ಹೇಳೋದು ಎರಡೇ. ಒಂದು, ರಾತ್ರಿ ಊಟ ಆದ ಕೂಡಲೇ ಹತ್ತು ಹದಿನೈದು ನಿಮಿಷ ನಡಿಗೆ. ಊಟದ ನಂತರ ಏರುವ ಶುಗರ್ ಇದರಿಂದ ತಗ್ಗುತ್ತೆ. ಊಟ ಯಾವ ರಿಲೀಸಿನಲ್ಲೂ ತಪ್ಪಲ್ಲ, ಹಾಗಾಗಿ ಇದನ್ನ ಅದಕ್ಕೇ ಕಟ್ಟಿಹಾಕಿ. ಎರಡು, ವಾರಕ್ಕೆ ಎರಡು ಸಲ ಇಪ್ಪತ್ತು ನಿಮಿಷ ಸ್ನಾಯು ವ್ಯಾಯಾಮ, ಮನೆಯಲ್ಲೇ.

ಕುರ್ಚಿ ಬಸ್ಕಿಯಿಂದ ಶುರು ಮಾಡಿ. ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ, ಇಲ್ಲದಿದ್ದರೆ ಜಾರುತ್ತೆ. ಚಕ್ರದ ಆಫೀಸ್ ಕುರ್ಚಿ ಬೇಡವೇ ಬೇಡ. ಪಾದಗಳ ನಡುವೆ ಸೊಂಟದಗಲ ಜಾಗ. ಕೈ ಮುಂದೆ ಚಾಚಿ, ಸೊಂಟ ಹಿಂದಕ್ಕೆ ತಳ್ಳಿ, ಮೂರು ಎಣಿಸುತ್ತಾ ಇಳಿಯಿರಿ. ಧೊಪ್ಪನೆ ಕೂರಬೇಡಿ. ಕುರ್ಚಿ ತಾಗಿದ ಕೂಡಲೇ ಹಿಮ್ಮಡಿ ಒತ್ತಿ ಏಳಿ. ಮಂಡಿ ಒಳಕ್ಕೆ ವಾಲದೆ ಕಾಲ್ಬೆರಳಿನ ದಿಕ್ಕಿಗೇ ಇರಲಿ. ಎಂಟು ಹತ್ತು ಸಲ ಮಾಡಿ, ಒಂದು ನಿಮಿಷ ಬಿಟ್ಟು ಮತ್ತೆ. ಮೂರು ಸುತ್ತು. ಆಮೇಲೆ ಅಡುಗೆ ಕಟ್ಟೆಗೆ ಕೈಯೂರಿ ಪುಷ್‌ಅಪ್. ಸುಲಭ ಆಯಿತು ಅನಿಸಿದಾಗ ಬೆನ್ನುಚೀಲದಿಂದ ಲ್ಯಾಪ್‌ಟಾಪ್ ತೆಗೆದಿಟ್ಟು ಐದು ಕೆಜಿ ಅಕ್ಕಿ ಪ್ಯಾಕೆಟ್ ಹಾಕಿಕೊಂಡು ಅದನ್ನೇ ಮಾಡಿ.

ಮರುದಿನಕ್ಕಿಂತ ಅದರ ಮರುದಿನ ತೊಡೆ ಜಾಸ್ತಿ ನೋಯುತ್ತೆ. ಅದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತೆ. ಕೀಲಿನಲ್ಲಿ ಚುಚ್ಚಿದ ಹಾಗೆ ನೋವು ಬಂದರೆ ಮಾತ್ರ ನಿಲ್ಲಿಸಿ.

ಶನಿವಾರದ ಶಟಲ್

ವಾರವೆಲ್ಲ ಏನೂ ಮಾಡದೆ ಶನಿವಾರ ಎರಡು ಗಂಟೆ ಬ್ಯಾಡ್ಮಿಂಟನ್ ಆಡ್ತೀನಿ. ಇದು ಲೆಕ್ಕಕ್ಕಿದೆಯಾ ಸರ್?

ಮೈಸೂರು ಫಿಸಿಯೋ

ಇದೆ. ವಾರದ ಕೋಟಾ ಒಂದೆರಡು ದಿನದಲ್ಲಿ ಮುಗಿಸುವವರಿಗೂ ಹೃದಯಕ್ಕೆ ಲಾಭ ಆಗುತ್ತೆ ಅಂತ ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ನನ್ನ ಕ್ಲಿನಿಕ್ಕಿಗೂ ಲಾಭ. ಹಿಮ್ಮಡಿಯ ಹಿಂದಿನ ದಪ್ಪ ಟೆಂಡನ್ (ಸ್ನಾಯುವನ್ನ ಮೂಳೆಗೆ ಕಟ್ಟುವ ಹುರಿ) ಹರಿದುಕೊಂಡು, “ಯಾರೋ ಹಿಂದಿನಿಂದ ಒದ್ದ ಹಾಗಾಯ್ತು” ಅಂತ ಬರುವವರಲ್ಲಿ ಶನಿವಾರದ ಶಟಲ್ ಮಂದಿ ಬಹಳ. ವಾರದ ಮಧ್ಯೆ ಒಂದು ದಿನವಾದರೂ ತುದಿಗಾಲಿನಲ್ಲಿ ಎದ್ದು ಇಳಿಯುವ ವ್ಯಾಯಾಮ ಮಾಡಿ. ಕೋರ್ಟಿಗೆ ಇಳಿದ ಕೂಡಲೇ ಸ್ಮ್ಯಾಶ್ ಬೇಡ.

ದೊಡ್ಮನೆ ಅಭಿಮಾನಿ

ನನ್ನ ಸಮಸ್ಯೆ ಸಮಯದ್ದಲ್ಲ, ಅಮ್ಮನದು. 2021ರ ಅಕ್ಟೋಬರ್ 29, ಅಪ್ಪು ಸರ್ ಹೋದ ದಿನ. 46 ವಯಸ್ಸು. ಅಷ್ಟು ಫಿಟ್ ಇದ್ದವರೇ ಹೀಗೆ ಹೋದರು ಅಂದರೆ ನಿನಗ್ಯಾಕೆ ಜಿಮ್ಮು ಅಂತ ಅಮ್ಮ ಇವತ್ತಿಗೂ ಕೇಳ್ತಾರೆ. ಉತ್ತರ ಕೊಡೋಕೆ ನನಗೂ ಬಾಯಿ ಬರಲ್ಲ. ಆವತ್ತು ಅತ್ತವರಲ್ಲಿ ನಾನೂ ಒಬ್ಬ.

ಮೈಸೂರು ಫಿಸಿಯೋ

ಆಮೇಲಿನ ದಿನಗಳಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿ ನಿಂತದ್ದು ಎಲ್ಲರಿಗೂ ನೆನಪಿದೆ. ಒಬ್ಬರ ಸಾವಿನ ಕಾರಣವನ್ನ ನಾವು ಹೊರಗೆ ನಿಂತು ಹೇಳಬಾರದು. ಅಮ್ಮನಿಗೆ ಹೇಳಬಹುದಾದದ್ದು ಇಷ್ಟು. ನಿಯಮಿತ ವ್ಯಾಯಾಮ ಒಟ್ಟಾರೆ ಹೃದಯಕ್ಕೆ ಅಪಾಯ ಕಡಿಮೆ ಮಾಡುತ್ತೆ. ಅಪಾಯ ಜಾಸ್ತಿ ಇರೋದು ಏನೂ ಮಾಡದವರು ಒಂದು ದಿನ ಏಕಾಏಕಿ ಮೈಮೀರಿ ಮಾಡಿದಾಗ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯೋದು, ಅಸಹಜವಾಗಿ ಏದುಸಿರು, ತಲೆಸುತ್ತಿ ಬೀಳೋದು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆದವರು ಇರೋದು, ಬಿಪಿ, ಶುಗರ್, ಸಿಗರೇಟು. ಇವುಗಳಲ್ಲಿ ಯಾವುದೇ ಇದ್ದರೂ ಮೊದಲು ಡಾಕ್ಟರ್ ನೋಡಿ, ಆಮೇಲೆ ಶುರು ಮಾಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ. ಡಾಕ್ಟರ್ ಬಾಯಿಂದ ಕೇಳಿದರೆ ಅವರಿಗೂ ಸಮಾಧಾನ, ನಿಮಗೂ ದಾರಿ ಸಲೀಸು.

ಕಡಲ ತಡಿ

ಮಂಗಳೂರಿನವರ ಕಷ್ಟ ಯಾರೂ ಕೇಳಲಿಲ್ಲ ಮಾರಾಯ್ರೆ. ಜೂನಿನಿಂದ ಸೆಪ್ಟೆಂಬರ್ ತನಕ ವಾಕಿಂಗ್ ಅಂದರೆ ಕೊಡೆ ಹಿಡಿದು ಮೊಣಕಾಲ ತನಕ ನೆನೆಯುವುದು. ಒಣಗದ ಶೂ ನೋಡಿದರೇ ಉತ್ಸಾಹ ಹೋಗ್ತದೆ. ಮಳೆಗಾಲಕ್ಕೆ ನನ್ನದು ಸೂರ್ಯ ನಮಸ್ಕಾರ, ಸೂರ್ಯ ಕಾಣದಿದ್ದರೂ. ನಿಧಾನಕ್ಕೆ ಹನ್ನೆರಡು ಹಾಕಿದರೂ ಹತ್ತು ನಿಮಿಷದೊಳಗೆ ಮುಗೀತದೆ. ಬೈರಾಸು ಹಾಸಿದರೆ ಜಾಗ ಸಾಕು. ಮಳೆ ಬಿಟ್ಟ ಮೇಲೆ ಕದ್ರಿ ಪಾರ್ಕ್.

ಮೂರು ಡಬ್ಬಿ

ಬಾಡಿಗೆದಾರರ ಮನೆಯ ಚರ್ಚೆ ಎಲ್ಲಿಗೆ ಬಂತು?

ಬೆಳ್ಳಂದೂರು ಬಾಡಿಗೆದಾರ

ಒಪ್ಪಂದ ಆಯಿತು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಹೆಂಡತಿ ಕೆರೆ ಕಡೆ ವಾಕಿಂಗ್. ಅಷ್ಟು ಹೊತ್ತು ಮಗಳು, ಡಬ್ಬಿ ಎರಡೂ ನನ್ನವು. ಅವಲಕ್ಕಿ ಕಲಿತಿದ್ದೀನಿ. ಸೋಮವಾರ, ಗುರುವಾರ ಸಂಜೆ ಐದೂವರೆಯಿಂದ ಆರೂ ಕಾಲು ಕ್ಯಾಲೆಂಡರಿನಲ್ಲಿ ಬಿಡುವಿಲ್ಲ. ಆ ಎರಡು ದಿನ ಮನೆಯಿಂದ ಕೆಲಸ ಮಾಡುವ ಅವಕಾಶ ಇದೆ, ಹಾಗಾಗಿ ಕುರ್ಚಿ ಬಸ್ಕಿ. ಮ್ಯಾನೇಜರಿಗೆ ಹೇಳಿದೆ. “ನಾನೂ ಬ್ಲಾಕ್ ಮಾಡ್ಕೊಳ್ಳಬೇಕು ಅಂತಿದ್ದೆ” ಅಂದರು. ರಾತ್ರಿ ಊಟದ ಮೇಲೆ ಮೂವರೂ ಅಪಾರ್ಟ್‌ಮೆಂಟ್ ಸುತ್ತ. ಮಗಳು ಸೈಕಲ್ಲಿನಲ್ಲಿ.

ರಿಲೀಸ್ ವಾರಕ್ಕೆ ಬ್ಯಾಂಕಿನವರ ಮಾರ್ಚ್ ನಿಯಮ. ರಾತ್ರಿ ನಡಿಗೆ ಮಾತ್ರ, ಉಳಿದದ್ದು ರಜೆ. ಜ್ವರ ಬಂದರೂ ಅದೇ.

ಜಿಮ್ಮಿನ ಉಳಿದ ತಿಂಗಳುಗಳನ್ನ ಯಾರಿಗಾದರೂ ವರ್ಗಾಯಿಸಬಹುದಾ ಅಂತ ಕೇಳಿದೆ. ಅದಕ್ಕೂ ಫೀಸ್ ಇದೆಯಂತೆ.

ಹುಬ್ಬಳ್ಳಿ ಬ್ಯಾಂಕಿನವ

ಫೀಸ್ ಕಟ್ಟಬೇಡ್ರಿ! ನಿಮಗೆ ಫೋನ್ ಮಾಡಿ ಬೈಯುವವರು ಯಾರಾದರೂ ಬೇಕಾದರೆ ಹೇಳಿ. ನಮ್ಮ ರೈಲ್ವೆಯವರು ನಿವೃತ್ತಿಗೆ ಹತ್ತಿರ ಇದ್ದಾರೆ, ಖುಷಿಯಿಂದ ಮಾಡ್ತಾರೆ.

ಬೆಳ್ಳಂದೂರು ಬಾಡಿಗೆದಾರ

ಫಿಸಿಯೋ ಸರ್, ಒಂದೇ ಪ್ರಶ್ನೆ. ಮುಂದಿನ ತಿಂಗಳು ಮತ್ತೆ ರಕ್ತ ಪರೀಕ್ಷೆ ಮಾಡಿಸಿ ನೋಡ್ಲಾ?

ಮೈಸೂರು ಫಿಸಿಯೋ

ಬೇಡ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಎಚ್‌ಬಿಎ1ಸಿ ತೋರಿಸೋದು ಕಳೆದ ಎರಡು ಮೂರು ತಿಂಗಳ ಸರಾಸರಿ. ಒಂದು ತಿಂಗಳಿಗೇ ಮಾಡಿಸಿದರೆ ಹಳೆಯ ಲೆಕ್ಕವೇ ಜಾಸ್ತಿ ಬರುತ್ತೆ, ಸುಮ್ನೆ ಬೇಜಾರಾಗ್ತೀರಿ. ಮೂರು ತಿಂಗಳು ಬಿಟ್ಟು ನಿಮ್ಮ ಡಾಕ್ಟರನ್ನ ಕೇಳಿ ಮಾಡಿಸಿ. ಅಲ್ಲಿ ತನಕ ಪ್ಯಾಂಟಿನ ಸೊಂಟ ನೋಡ್ಕೊಳ್ಳಿ, ಅದಕ್ಕೆ ಲ್ಯಾಬ್ ಬೇಡ.